ಲಾಂಡ್ರಿ ಅಂಗಡಿಯ ನೆಲದಡಿ ಮಳೆನೀರು: ಲೆಕ್ಕ, ಮೊದಲ ಮಳೆ, ಸಂಪು

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಮಿಕ್ಕ ಲೆಕ್ಕವೆಲ್ಲ ಗುಣಾಕಾರ. ಬೆಂಗಳೂರಿನ 30×40 ಸೈಟಿನ ಸಣ್ಣ ಲಾಂಡ್ರಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಾರಸಿ 1,000 ಚದರಡಿ, ಅಂದರೆ 93 ಚದರ ಮೀಟರ್. ಊರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಕಾಂಕ್ರೀಟು ಹೀರಿದ್ದು, ಆವಿಯಾದದ್ದು, ಆಚೀಚೆ ಚೆಲ್ಲಿದ್ದು ಎಂದು ನೂರಕ್ಕೆ 15 ಕಳೆದರೆ ಕೈಗೆ ಸಿಗುವುದು 76,000 ಲೀಟರ್ ಚಿಲ್ಲರೆ.

ಈ ಅಂಕಿ ನೋಡಿ ಅಷ್ಟು ದೊಡ್ಡ ಸಂಪು ತೋಡಿಸಿದರೆ ದುಡ್ಡು ದಂಡ. ಇಲ್ಲಿ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಿಟ್ಟು ಬಿಟ್ಟು ಬರುತ್ತದೆ, ಸಂಪು ಹಲವು ಸಲ ತುಂಬಿ ಖಾಲಿಯಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡು: ದಿನಕ್ಕೆ ಎಷ್ಟು ಬಳಸುತ್ತೀರಿ, ಎರಡು ಮಳೆಗಳ ನಡುವೆ ಎಷ್ಟು ದಿನ ತಳ್ಳಬೇಕು?

ದಿನಕ್ಕೆ 100 ಕಿಲೋ ಬಟ್ಟೆ, ಕಿಲೋಗೆ 15 ಲೀಟರ್ ಎಂದರೆ 1,500 ಲೀಟರ್ ಬೇಕು. ಎಲ್ಲಕ್ಕೂ ಮಳೆನೀರನ್ನೇ ಸುರಿದರೆ ವರ್ಷದ ಮಳೆ 50 ದಿನದಲ್ಲಿ ಮುಗಿಯಿತು. ಹಾಗಾಗಿ ಮೆದು ನೀರು ಎಲ್ಲಿ ಹೆಚ್ಚು ದುಡಿಯುತ್ತದೋ ಅಲ್ಲಿಗೆ ಮಾತ್ರ ಕೊಡಿ: ಸೋಪು ಹಾಕಿ ಒಗೆಯುವ ಹಂತಕ್ಕೆ ಮತ್ತು ಸ್ಟೀಮ್ ಇಸ್ತ್ರಿಯ ಬಾಯ್ಲರಿಗೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿ ಬಿಳಿ ಗಸಿಯಾಗುತ್ತದೆ. ನೊರೆ ಏಳುವುದಿಲ್ಲ, ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ, ಬಾಯ್ಲರಿನೊಳಗೆ ಸುಣ್ಣದ ಹೊಪ್ಪಳೆ ಕಟ್ಟುತ್ತದೆ. ಮಳೆನೀರಿನಲ್ಲಿ ಈ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಈ ಎರಡಕ್ಕೆ ದಿನಕ್ಕೆ 400 ಲೀಟರ್ ಹಿಡಿಯಿರಿ. 10,000 ಲೀಟರಿನ ಸಂಪು, ಪಂಪಿಗೆ ಸಿಗದ ತಳದ ಒಂದಡಿ ನೀರು ಬಿಟ್ಟು, ಸುಮಾರು 20 ದಿನ ಬರುತ್ತದೆ. ಒಳಅಳತೆ 8×8 ಅಡಿ, ನೀರಿನ ಆಳ ಐದೂವರೆ ಅಡಿ, ಮೇಲೆ ಒಂದಡಿ ಖಾಲಿ. 60 ಮಿ.ಮೀ.ನ ದೊಡ್ಡ ಮಳೆ ಬಂದರೂ ಸೇರುವುದು 4,700 ಲೀಟರ್.

ಇನ್ನು ಮೊದಲ ಮಳೆ. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ವಾಹನದ ಹೊಗೆಯ ಮಸಿ ಎಲ್ಲ ಮೊದಲ ಒಂದೆರಡು ಮಿಲಿಮೀಟರಿನಲ್ಲೇ ಕೊಚ್ಚಿ ಬರುತ್ತವೆ. ಅಷ್ಟನ್ನೂ ಹೊರಗೆ ಬಿಡಬೇಕು. ನಮ್ಮ ತಾರಸಿಗೆ 2 ಮಿ.ಮೀ. ಅಂದರೆ 186 ಲೀಟರ್. ಹಲವು ಕಡೆ ಒಂದು ಮೀಟರ್ ಉದ್ದದ 4 ಇಂಚಿನ ಪೈಪು ನಿಲ್ಲಿಸಿ, ಕೆಳಗೊಂದು ಮುಚ್ಚಳ ತಿರುಗಿಸಿ, ಕೆಲಸ ಮುಗಿಯಿತು ಎನ್ನುತ್ತಾರೆ. ಆ ಪೈಪಿನಲ್ಲಿ ಹಿಡಿಯುವುದು ಎಂಟೂವರೆ ಲೀಟರ್ ಮಾತ್ರ! ಉಳಿದ ಕೊಳೆಯೆಲ್ಲ ನೇರ ಸಂಪಿಗೆ. 200 ಲೀಟರಿನ ಡ್ರಮ್ಮನ್ನೇ ಇಡಿ. ಅದು ತುಂಬಿದಾಗ ಒಳಗಿನ ಚೆಂಡು ತೇಲಿ ಬಾಯಿ ಮುಚ್ಚಬೇಕು, ಆಮೇಲಿನ ನೀರು ಸಂಪಿಗೆ ಮೊದಲು ಇಟ್ಟ ಫಿಲ್ಟರಿನತ್ತ ಹೊರಳಬೇಕು. ಡ್ರಮ್ಮಿನ ತಳದ ನಲ್ಲಿಯನ್ನು ಹನಿ ಹನಿಯಾಗಿ ಸೋರುವಷ್ಟು ತೆರೆದಿಡಿ. ಮರೆತು ಬಿಗಿಮಾಡಿದರೆ ಮುಂದಿನ ಮಳೆಗೆ ಡ್ರಮ್ಮು ತುಂಬಿಯೇ ಇರುತ್ತದೆ, ಕೊಳೆ ಅದರ ತಲೆ ಮೇಲಿಂದ ಹಾದುಹೋಗುತ್ತದೆ.

ತಾರಸಿಯಿಂದ 4 ಇಂಚಿನ ಪೈಪು ಎರಡು ಇಳಿಸಿ. ಒಂದೇ ಆದರೆ ಜೋರು ಮಳೆಯಲ್ಲಿ ತಾರಸಿಯಲ್ಲೇ ನೀರು ನಿಲ್ಲುತ್ತದೆ. ಅಡ್ಡ ಪೈಪಿಗೆ 100 ಅಡಿಗೆ ಒಂದಡಿ ಇಳಿಜಾರು ಸಾಕು.

ಸಂಪಿನೊಳಗೆ ನೀರು ಮೇಲಿಂದ ಧುಮುಕಬಾರದು, ತಳದ ಹೂಳು ಕದಡುತ್ತದೆ. ಪೈಪನ್ನು ತಳದವರೆಗೆ ಇಳಿಸಿ, ತುದಿಗೆ ಎಲ್ಬೋ (ಮೊಣಕೈಯಂತೆ ಬಾಗಿದ ಜೋಡುತುಂಡು) ಹಾಕಿ ಬಾಯಿ ಮೇಲ್ಮುಖ ಮಾಡಿ. ನೀರು ಬುಗ್ಗೆಯಂತೆ ಮೆಲ್ಲಗೆ ಏಳುತ್ತದೆ. ಪಂಪಿನ ಹೀರುಪೈಪು ತಳದಿಂದ ಒಂದಡಿ ಮೇಲಿರಲಿ. ಸಂಪಿನ ಬಾಯಿಯ ಕಟ್ಟೆ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ, ಇಲ್ಲವಾದರೆ ಅಂಗಳದ ಕೊಚ್ಚೆ ಒಳಗಿಳಿಯುತ್ತದೆ. ಸಂಪು ತುಂಬಿ ಮಿಕ್ಕ ನೀರು ಹೊರಹೋಗುವ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿ ಇಂಗುಬಾವಿಗೆ ಜೋಡಿಸಿ. ಬೆಂಗಳೂರಿನಲ್ಲಿ ತಲೆಮಾರುಗಳಿಂದ ಬಾವಿ ತೋಡುತ್ತಿರುವ ಮಣ್ಣು ಒಡ್ಡರು ಈಗ 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿಗಳನ್ನೂ ತೋಡಿಕೊಡುತ್ತಾರೆ. ಆ ಕೈಗಳಿಗೆ ಮಣ್ಣಿನ ಪದರ ಗೊತ್ತು.

ಹೊಸ ಗಾರೆಯ ಸಂಪಿನ ನೀರಿಗೆ ಸಿಮೆಂಟಿನ ಸುಣ್ಣ ಇಳಿದು ಕ್ಷಾರ ಏರುತ್ತದೆ. ಎರಡು ಮೂರು ಸಲ ತುಂಬಿಸಿ ಚೆಲ್ಲಿದ ಮೇಲೆಯೇ ಬಾಯ್ಲರಿಗೆ ಬಿಡಿ. ಪ್ಲಾಸ್ಟಿಕ್ ಟ್ಯಾಂಕ್ ಹೂಳುವುದಾದರೆ, ತಾರಸಿ ಮೇಲಿಡುವ ಮಾಮೂಲಿ ಟ್ಯಾಂಕ್ ಬೇಡ. ಮಣ್ಣಿನ ಒತ್ತಡಕ್ಕೆ ಹೊಟ್ಟೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹೂಳಲೆಂದೇ ಮಾಡಿದ್ದೂ ಸುತ್ತ ನೀರು ನಿಂತಾಗ ಖಾಲಿಯಿದ್ದರೆ ಮೇಲಕ್ಕೆ ತೇಲುತ್ತದೆ: 10,000 ಲೀಟರ್ ಟ್ಯಾಂಕ್ ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು 10 ಟನ್ ಬಲದಿಂದ ಎತ್ತುತ್ತದೆ. ಕೆಳಗೆ ಕಾಂಕ್ರೀಟು ಹಾಸಿ ಪಟ್ಟಿಯಿಂದ ಕಟ್ಟಿ ಹಾಕಬೇಕು.

ಹೂಳು ತೆಗೆಯುವುದು ಏಪ್ರಿಲ್‌ನಲ್ಲಿ, ಮುಂಗಾರಿಗೂ ಮೊದಲು. ಮುಚ್ಚಿಟ್ಟ ಸಂಪಿಗೆ ಯಾರೂ ಒಬ್ಬರೇ ಇಳಿಯಬೇಡಿ. ಒಳಗೆ ಆಮ್ಲಜನಕ ಕಡಿಮೆಯಿದ್ದರೆ ಕೂಗುವಷ್ಟೂ ಹೊತ್ತು ಸಿಗುವುದಿಲ್ಲ, ಎತ್ತಲು ಹೋದವರೂ ಸತ್ತಿದ್ದಾರೆ. ಮುಚ್ಚಳ ತೆಗೆದು ಬ್ಲೋವರ್‌ನಿಂದ ಗಾಳಿ ಊದಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಲ್ಲಿ. ಆದರೆ ಸಣ್ಣ ಸಂಪಿಗೆ ಇಳಿಯುವ ಅಗತ್ಯವೇ ಬೀಳದು: ಮುಚ್ಚಳದ ನೇರ ಕೆಳಗೆ ಒಂದಡಿ ಗುಂಡಿ ಬಿಟ್ಟು, ತಳವನ್ನು ಅದರತ್ತ ಇಳಿಜಾರು ಮಾಡಿಸಿದ್ದರೆ, ಕೆಸರಿನ ಪಂಪು ಇಳಿಬಿಟ್ಟು ಮೇಲಿಂದಲೇ ಹೂಳು ಎಳೆಯಬಹುದು.