ಹೊಳೆಯ ಸುದ್ದಿಗೆ ವಯಸ್ಸೆಷ್ಟು?

ಆಗಸ್ಟ್ ತಿಂಗಳ ಒಂದು ಸಂಜೆ. ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲೆ ನನ್ನ ಸೋದರಮಾವ ಮೊಬೈಲ್ ಹಿಡಿದು ನಿಂತಿದ್ದರು. ಪರದೆಯ ಮೇಲೆ ನೀರಿನ ಮಟ್ಟದ ಅಂಕಿ ನೆಮ್ಮದಿಯಾಗಿ ಕುಳಿತಿತ್ತು. ಎದುರಿಗೆ ಪಂಪ್‌ಸೆಟ್ಟಿನ ಕಟ್ಟೆಯನ್ನು ಹೊಳೆ ಆಗಲೇ ನುಂಗಿತ್ತು. ಅಂಕಿ ಸುಳ್ಳಾಗಿರಲಿಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಅದು ನಿಜವೇ. ಅದು ಹನ್ನೆರಡರ ಅಳತೆ ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಹೊಳೆಗೊಂದು ಸೆನ್ಸರ್ ಕಟ್ಟಿದರೆ ಕೆಲಸ ಮುಗಿಯಿತು, ಅದು ಸೆಕೆಂಡಿಗೊಮ್ಮೆ ಅಳತೆ ಕಳುಹಿಸಿದರೆ ಇನ್ನೂ ಒಳ್ಳೆಯದು ಎಂದು ಓದಿದವರೂ ನಂಬಿದ್ದಾರೆ. ಈ ನಂಬಿಕೆ ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಪ್ರವಾಹದ ದಿನ ಜನರನ್ನು ದಾರಿ ತಪ್ಪಿಸುವುದು ಇದೇ.

ನಮ್ಮ ಕಡೆಯ ಕಬ್ಬು ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಕಾರ್ಖಾನೆ ನುರಿಸುವ ವೇಗವನ್ನು ಮೀರಿ ಗ್ಯಾಂಗುಗಳು ಕಡಿಯತೊಡಗಿದರೆ ಕಾಟಾದ, ಅಂದರೆ ತೂಕದ ಕಟ್ಟೆಯ, ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಒಳಗೆ ಹೋಗುವ ಒಂದೊಂದು ಜಲ್ಲೆಯೂ ಹಳೆಯದೇ. ತೀರಾ ಕಡಿಮೆ ಕಡಿದರೆ ಸಾಲು ಇರುವುದಿಲ್ಲ, ಆದರೆ ಗಾಣ ಖಾಲಿ ನಿಲ್ಲುತ್ತದೆ. ಹೊಳೆದಂಡೆಯ ಮಾಪಕವೇ ಗ್ಯಾಂಗು, ಮೊಬೈಲ್ ಟವರೇ ಕಾಟಾ. ದುರ್ಬಲ ಸಿಗ್ನಲ್ಲಿನ ಮೇಲೆ ಸೆಕೆಂಡಿಗೊಂದು ಅಳತೆ ತುರುಕಿದರೆ ಹೊಸದು ಹಳೆಯದರ ಹಿಂದೆ ಪಾಳಿ ಕಾಯುತ್ತದೆ.

2012ರಲ್ಲಿ ಸಂಜಿತ್ ಕೌಲ್, ರಾಯ್ ಯೇಟ್ಸ್ ಮತ್ತು ಮಾರ್ಕೊ ಗ್ರುಟೆಸರ್ ಎಂಬ ಸಂಶೋಧಕರು ಈ ಪಾಳಿಯ ಗಣಿತವನ್ನು ಬಿಡಿಸಿ ತೋರಿಸಿದರು. ನಮ್ಮ ಕೈಯಲ್ಲಿರುವ ತೀರಾ ಈಚಿನ ಅಳತೆ ಹುಟ್ಟಿ ಎಷ್ಟು ಹೊತ್ತಾಯಿತೋ ಅದೇ ಮಾಹಿತಿಯ ವಯಸ್ಸು. ಅಳತೆಗಳು ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಬರುತ್ತಾ, ದಾಟಲು ಹಿಡಿಯುವ ಕಾಲವೂ ಹಾಗೆಯೇ ಏರುಪೇರಾಗುತ್ತಾ, ಬಂದ ಪಾಳಿಯಲ್ಲೇ ದಾಟುವ ಸರಳ ಲೆಕ್ಕದಲ್ಲಿ, ಸಂದೇಶ ದಾಟುವ ಹಾದಿ ಶೇ. 53ರಷ್ಟು ಹೊತ್ತು ಮಾತ್ರ ತುಂಬಿದ್ದಾಗ ಸರಾಸರಿ ವಯಸ್ಸು ಅತಿ ಕಡಿಮೆ. ಹೆಚ್ಚುಕಡಿಮೆ ಅರ್ಧ ಹೊತ್ತು ಹಾದಿಯನ್ನು ಖಾಲಿ ಬಿಡಬೇಕು! ಮೊದಲ ಸಲ ಓದಿದಾಗ ನಾನು ಆ ಪುಟದಿಂದ ಏಳಲೇ ಇಲ್ಲ.

ಹಳಸಿದ ಅಳತೆಯ ಪಾಡು ಹೊಸದೇನಲ್ಲ. ಹೈನ್ರಿಕ್ ಬ್ರಾಂಡೆಸ್ ಎಂಬ ಜರ್ಮನ್ ವಿದ್ವಾಂಸ 1783ರ ಹವೆಯ ನಕ್ಷೆಗಳಲ್ಲಿ ತೊಡಗಿದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ. ಅಳತೆಗಳೆಲ್ಲ ಸರಿ, ಬಿರುಗಾಳಿ ಮಾತ್ರ ಯಾವತ್ತೋ ದಾಟಿ ಹೋಗಿತ್ತು. ತಂತಿ ಬಂದ ಮೇಲೆಯೇ ಹವೆಯ ಸುದ್ದಿ ಗಾಳಿಯನ್ನು ಹಿಂದಿಕ್ಕಿದ್ದು.

ಈಗ ಕಷ್ಟದ ಭಾಗ. ಪ್ರವಾಹದಲ್ಲಿ ಆರು ತಾಸು ಟವರ್ ಬಿದ್ದಿತೆನ್ನಿ. ಕಾಲು ಗಂಟೆಗೊಮ್ಮೆ ಅಳೆಯುವ ಮಾಪಕದ ಹೊಟ್ಟೆಯಲ್ಲಿ 24 ಅಳತೆಗಳು ಕೂಡಿರುತ್ತವೆ. ಸಂಪರ್ಕ ಮರಳಿದಾಗ ಯಾವುದು ಮೊದಲು ಹೊರಡಬೇಕು? ಹೊಳೆಯ ಮಟ್ಟವಾದರೆ ಕೊನೆಯದೇ ಮೊದಲು ಹೊರಡಬೇಕು, ಉಳಿದವು ಆಮೇಲೆ ಬರಲಿ. ಮಟ್ಟ ಎಂಬುದು ಬಿಸಿ ರೊಟ್ಟಿ. ಹಂಚಿನಿಂದ ಇಳಿದ ಗಳಿಗೆಯಲ್ಲೇ ತಟ್ಟೆಗೆ ಬೀಳಬೇಕು. ಮಳೆಯ ಲೆಕ್ಕ ಕಟಕ್ ರೊಟ್ಟಿ, ದಿನಗಟ್ಟಲೆ ಇಟ್ಟು ತಿನ್ನುವ ಒಣ ರೊಟ್ಟಿ. ಹಳೆಯದೂ ಬೇಕು, ಒಂದು ತುಂಡು ಕಳೆದರೂ ದಿನದ ಮೊತ್ತ ತಪ್ಪುತ್ತದೆ.

ಅದಕ್ಕೂ ಒಂದು ಜಾಣ ಉಪಾಯವಿದೆ. ಮಳೆಮಾಪಕಗಳೊಳಗೆ ತಕ್ಕಡಿಯಂತೆ ವಾಲುವ ಪುಟ್ಟ ಬೋಗುಣಿ ಇರುತ್ತದೆ, 1660ರ ದಶಕದಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ಯೋಚಿಸಿದ್ದ ಮಾದರಿಯದು. 0.2 ಅಥವಾ 0.5 ಮಿಲಿಮೀಟರ್ ಮಳೆಗೆ ಒಂದು ಸಲ ವಾಲುತ್ತದೆ. ಕಾಲು ಗಂಟೆಯಲ್ಲಿ ಎಷ್ಟು ಸಲ ವಾಲಿತು ಎಂದು ಕಳುಹಿಸುವ ಬದಲು ಬೆಳಗಿನಿಂದ ಒಟ್ಟು ಎಷ್ಟು ಎಂದು ಕಳುಹಿಸಿದರೆ, ನಡುವಿನ ಹತ್ತು ಸಂದೇಶ ಕಳೆದರೂ ಹನ್ನೊಂದನೆಯದು ಮೊತ್ತವನ್ನು ಹೊತ್ತು ತರುತ್ತದೆ. ಕಟಕ್ ರೊಟ್ಟಿ ಬಿಸಿಯಾಗಿಯೇ ಬಂದಂತೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕಗಳನ್ನು ನಿಲ್ಲಿಸಿ 15 ನಿಮಿಷಕ್ಕೊಮ್ಮೆ ಅಳತೆ ತರಿಸುತ್ತದೆ. ಮಳೆಗೆ ಅಷ್ಟು ಸಾಕು. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಎಲೆಯ ತೇವ ಅಳೆಯುವ ಸೆನ್ಸರಿಗೆ ತಾಸಿಗೊಮ್ಮೆಯಾದರೂ ನಡೆಯುತ್ತದೆ, ಏಕೆಂದರೆ ರೋಗ ಹತ್ತಲು ಎಲೆ ತಾಸುಗಟ್ಟಲೆ ತೋಯ್ದಿರಬೇಕು. ಏರುತ್ತಿರುವ ಹೊಳೆಗೆ ಒಂದು ತಾಸು ಬಹಳವಾಯಿತು. ಎಷ್ಟು ಬೇಗ ಎಂಬುದನ್ನು ಹೊಳೆಯೋ ಎಲೆಯೋ ನಿರ್ಧರಿಸಬೇಕು, ಯಂತ್ರ ಮಾರುವವರಲ್ಲ. ಅಳೆದ ಗಂಟೆ ಮಾತ್ರ ಎಲ್ಲ ಪರದೆಯ ಮೇಲೂ ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ ಇರಲೇಬೇಕು. ಘಟಪ್ರಭೆಯ ಹಿಡಕಲ್ ಜಲಾಶಯದಿಂದ ಇಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸಂದೇಶ ಗಂಟೆಯಿಲ್ಲದೆ ವಾಟ್ಸಾಪ್‌ನಲ್ಲಿ ಊರೂರು ಸುತ್ತಿದರೆ, ಅದು ನಿನ್ನೆಯದೋ ಹೋದ ವರ್ಷದ್ದೋ ಯಾರಿಗೆ ಗೊತ್ತು?

ಆ ಸಂಜೆ ಮಾವ ಮೊಬೈಲನ್ನು ಜೇಬಿಗಿಟ್ಟರು. ನೀರಿನ ಅಂಚಿನಲ್ಲಿ ಒಂದು ಗಳ ನೆಟ್ಟು, ಸುಣ್ಣದ ಗೆರೆ ಎಳೆದು, ಗಡಿಯಾರ ನೋಡಿದರು. ಅರ್ಧ ತಾಸಿನಲ್ಲಿ ನೀರು ಗೆರೆಯ ಮೇಲೆ ಒಂದು ಗೇಣು ಏರಿತ್ತು. ಕೊಟ್ಟಿಗೆಗೆ ಹೋಗಿ ದನಗಳ ಹಗ್ಗ ಬಿಚ್ಚಿದೆವು.