ಕಂಬಳ ವಿಷಯವಾಯಿತು, ಪ್ರಶ್ನೆ ಎಲ್ಲಿ?

ವಿಚಾರ ಸಂಕಿರಣಗಳ ಕಾಲ ಬಂತೆಂದರೆ ಕ್ರೀಡೆ ಮತ್ತು ಸಂಸ್ಕೃತಿಯ ಗೋಷ್ಠಿಗೆ ಬಂದ ಸಾರಲೇಖಗಳನ್ನು ಓದಿ ಆರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಒಂದೊಂದೂ ಇನ್ನೂರೈವತ್ತು, ಮುನ್ನೂರು ಪದಗಳ ಬರಹ. ಬಹುಪಾಲು ಹೀಗೆಯೇ ಶುರುವಾಗುತ್ತವೆ: ‘ಕಂಬಳವು ತುಳುನಾಡಿನ ಪ್ರಾಚೀನ ಜಾನಪದ ಕ್ರೀಡೆಯಾಗಿದ್ದು, ನಮ್ಮ ಶ್ರೀಮಂತ ಸಂಸ್ಕೃತಿಯ ಪ್ರತೀಕವಾಗಿದೆ.’ ಕಂಬಳದ ಜಾಗದಲ್ಲಿ ಒಮ್ಮೆ ಗರಡಿ ಕುಸ್ತಿ ಬರುತ್ತದೆ, ಒಮ್ಮೆ ಕೊಡವ ಹಾಕಿ, ಒಮ್ಮೆ ಖೋಖೋ. ಉಳಿದ ಮಾತು ಬದಲಾಗುವುದಿಲ್ಲ. ‘ಇಂತಹ ಕ್ರೀಡೆಗಳನ್ನು ಉಳಿಸಿ ಬೆಳೆಸುವುದು ಇಂದಿನ ಅಗತ್ಯ’ ಎಂಬಲ್ಲಿಗೆ ಮುಗಿಯುತ್ತದೆ. ಬರೆದವರು ಏನನ್ನು ಹುಡುಕುತ್ತಿದ್ದಾರೆ, ಯಾವ ಕಾಗದ ನೋಡಿದ್ದಾರೆ, ಯಾರನ್ನು ಮಾತನಾಡಿಸಿದ್ದಾರೆ ಎಂಬುದರ ಸುಳಿವೇ ಇರುವುದಿಲ್ಲ.

ಇವನ್ನು ಬದಿಗಿಡುವಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ಬರೆದವರು ಸೋಮಾರಿಗಳಲ್ಲ. ವಿಳಾಸ ನೋಡಿದರೆ ಬಂಟ್ವಾಳ, ಕಾರ್ಕಳ, ಬೆಳ್ತಂಗಡಿ ಕಡೆಯವರು. ಎಷ್ಟೋ ಮಂದಿ ಕೋಣ ಸಾಕಿದ ಮನೆಯ ಮಕ್ಕಳು. ಹುರುಳಿ ಬೇಯಿಸುವುದು, ಎಣ್ಣೆ ಹಚ್ಚಿ ತಿಕ್ಕುವುದು, ಲಾರಿ ಹತ್ತಿಸುವುದು ಎಲ್ಲವನ್ನೂ ಕಂಡವರು. ನಾನು ಕೇಳಿ, ಓದಿ ತಿಳಿಯಬೇಕಾದದ್ದು ಅವರಿಗೆ ಅಂಗಳದಲ್ಲೇ ಗೊತ್ತು. ಆದರೆ ಸಾರಲೇಖ ಬರೆಯಲು ಕುಳಿತ ಕೂಡಲೇ ಆ ತಿಳಿವಳಿಕೆಯನ್ನೆಲ್ಲ ಹೊರಗೆ ಬಿಟ್ಟು, ಪ್ರವಾಸೋದ್ಯಮ ಇಲಾಖೆಯ ಕರಪತ್ರದ ಭಾಷೆಯನ್ನು ಹಿಡಿಯುತ್ತಾರೆ. ಆಮೇಲೆ ದೂರವಾಣಿ ಮಾಡುತ್ತಾರೆ: ‘ಮೇಡಂ, ಈ ವಿಷಯಕ್ಕೆ ಹೊರದೇಶದಲ್ಲಿ ಒಳ್ಳೆಯ ಅವಕಾಶ ಇದೆಯಂತೆ, ಲಿಂಕ್ ಕಳುಹಿಸುತ್ತೀರಾ?’

ಅವಕಾಶ ಇದೆ. ಅದರ ವಿಚಾರ ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು, ಇದನ್ನು ನಾನು ತರಗತಿಯಲ್ಲೂ ಕಮ್ಮಟಗಳಲ್ಲೂ ಹೇಳುತ್ತ ಬಂದಿದ್ದೇನೆ, ಇಲ್ಲಿಯೂ ಬಿಡಿಸಿ ಹೇಳುತ್ತೇನೆ: ಕಂಬಳ ಎಂಬುದು ವಿಷಯ. ಪ್ರಶ್ನೆ ಅಲ್ಲ. ಸಂಶೋಧನೆ ಪ್ರಶ್ನೆಯಿಂದ ಶುರುವಾಗುತ್ತದೆ. ಗೊತ್ತಿರುವುದನ್ನು ಒಪ್ಪವಾಗಿ ಹೇಳಿದರೆ ಅದು ಪರಿಚಯ ಲೇಖನ. ಅದಕ್ಕೂ ಬೆಲೆಯಿದೆ, ಅದರ ಜಾಗ ಬೇರೆ. ಉತ್ತರ ನಿಮಗೂ ಇನ್ನೂ ಗೊತ್ತಿಲ್ಲ, ಹುಡುಕಿದರೆ ಸಿಗುವ ಸಂಭವವಿದೆ, ಸಿಕ್ಕರೆ ನಾಲ್ಕು ಜನ ತಾವು ನಂಬಿದ್ದನ್ನು ತಿದ್ದಿಕೊಳ್ಳಬೇಕಾಗುತ್ತದೆ ಎಂಬಂಥದ್ದು ಪ್ರಶ್ನೆ.

ಕಂಬಳವನ್ನೇ ತೆಗೆದುಕೊಳ್ಳೋಣ. ಮರುದಿನದ ಪತ್ರಿಕೆಯಲ್ಲಿ ಫಲಿತಾಂಶ ಬರುತ್ತದೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಪ್ರತಿ ವಿಭಾಗದ ಕೆಳಗೆ ಮೊದಲು ಕೋಣಗಳ ಯಜಮಾನರ ಹೆಸರು, ಮನೆತನ, ಊರು. ಅದರ ಕೆಳಗೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು. ಈ ಎರಡು ಸಾಲನ್ನು ನಾವು ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ನಿಂತು ಕೇಳಿ: ಗಂತಿನಿಂದ (ಓಟ ಶುರುವಾಗುವ ಜಾಗ) ಮಂಜೊಟ್ಟಿಯವರೆಗೆ (ಮುಗಿಯುವ ಜಾಗ) ಕೆಸರಿನಲ್ಲಿ ಓಡಿದವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗಲು ಶುರುವಾದದ್ದು ಯಾವಾಗ? ಅದಕ್ಕೂ ಮೊದಲು ಬಹುಮಾನ ಯಾರ ಕೈಗೆ ಹೋಗುತ್ತಿತ್ತು, ಓಡಿಸಿದವನಿಗೆ ಏನು ಸಲ್ಲುತ್ತಿತ್ತು? ಅವನು ಆಳೋ, ಆಟಗಾರನೋ? ಒಂದರಿಂದ ಇನ್ನೊಂದಾದದ್ದು ಯಾವ ದಶಕದಲ್ಲಿ? ಮಂಗಳೂರಿನ ‘ನವಭಾರತ’ 1941ರಲ್ಲಿ ಶುರುವಾಯಿತು, ಮಣಿಪಾಲದ ‘ಉದಯವಾಣಿ’ 1970ರಲ್ಲಿ. ಹಳೆಯ ಸಂಚಿಕೆಗಳನ್ನು ಸಿಕ್ಕಲ್ಲಿ ಹುಡುಕಿ, ಕಂಬಳ ಸಮಿತಿಗಳ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಜೊತೆಗಿಟ್ಟು, ವಯಸ್ಸಾದ ಓಟಗಾರರ ಮಾತನ್ನು ದಾಖಲಿಸಿದರೆ ಇಲ್ಲೊಂದು ಒಳ್ಳೆಯ ಪ್ರಬಂಧವಿದೆ. ಇದರಲ್ಲಿ ‘ಶ್ರೀಮಂತ ಸಂಸ್ಕೃತಿ’ ಎಂಬ ಮಾತು ಒಮ್ಮೆಯೂ ಬೇಕಾಗುವುದಿಲ್ಲ.

ಇನ್ನೊಂದು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು; ಉಸೇನ್ ಬೋಲ್ಟ್ ಹೆಸರು ಬಂತು, ದೆಹಲಿಯಿಂದ ಟ್ರಯಲ್ಸ್‌ಗೆ ಕರೆ ಬಂತು, ಅವರು ಒಪ್ಪಲಿಲ್ಲ. ಈ ಸಂಗತಿಯ ಮೇಲೆ ನನಗೆ ಬಂದ ಬರಹಗಳೆಲ್ಲ ‘ನಮ್ಮ ಕಂಬಳದ ಬೋಲ್ಟ್’ ಎಂದೇ ಹಿಗ್ಗುತ್ತವೆ. ಹಿಗ್ಗಿ, ಬೇಡ ಎನ್ನುವುದಿಲ್ಲ. ಆದರೆ ಕೋಣಗಳ ವೇಗದ ಜೊತೆ ಓಡಿದ ಓಟವನ್ನು ಒಂಟಿ ಓಟದ ಸೆಕೆಂಡಿಗೆ ಇಳಿಸುವ ಆಸೆ ನಮಗೇಕೆ ಹುಟ್ಟಿತು? ಕನೆಹಲಗೆಯಲ್ಲಿ ವೇಗದ ಮಾತೇ ಇಲ್ಲ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಕೋಣಗಳು ಎಳೆಯುವ ಹಲಗೆಯಿಂದ ನೀರು ಚಿಮ್ಮಬೇಕು, ಅಷ್ಟೇ. ಆ ವಿಭಾಗದಲ್ಲಿ ಗೆದ್ದವನನ್ನು ಯಾವ ದೇಶದ ಯಾರಿಗೆ ಹೋಲಿಸುತ್ತೀರಿ? ಅಳತೆಗೆ ಸಿಗುವುದನ್ನು ಮಾತ್ರ ನಾವು ಕ್ರೀಡೆ ಎಂದು ಒಪ್ಪುತ್ತಿದ್ದೇವೆಯೇ? ಇದು ಕ್ರೀಡಾ ಸಮಾಜಶಾಸ್ತ್ರದಲ್ಲಿ ಬಹುಕಾಲದಿಂದ ನಡೆದಿರುವ ಚರ್ಚೆ, ಅಲ್ಲಿ ಕಂಬಳಕ್ಕೆ ಒಂದು ಕುರ್ಚಿ ಖಾಲಿ ಇದೆ.

ಕಹಿಯಾದ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಕೊರಗ ಬುಡಕಟ್ಟಿನವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 2000ದಲ್ಲಿ ತಂದಿತು. ಅಜಲು ಎಂದರೆ ಏನೇನು ಎಂದು ಆ ಕಾಯ್ದೆ ವಿವರಿಸುವಾಗ, ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಸೇರಿಸಿದೆ. ಕಂಬಳದ ಬಗ್ಗೆ ಮುನ್ನೂರು ಪದ ಬರೆದವರು ಈ ಸಾಲನ್ನು ಓದಿರಬೇಕು ಎಂದು ನಾನು ನಿರೀಕ್ಷಿಸುತ್ತೇನೆ. ಓದಿದ ಮೇಲೂ ಕಂಬಳವನ್ನು ಪ್ರೀತಿಸಬಹುದು. ಓದದೆ ‘ಸರ್ವ ಸಮುದಾಯಗಳನ್ನು ಒಂದುಗೂಡಿಸುವ ಕ್ರೀಡೆ’ ಎಂದು ಬರೆದರೆ ಮಾತ್ರ ನಾನು ಒಪ್ಪಲಾರೆ.

ಈ ಕೆಲಸ ನಮ್ಮದೇ ಎಂದು ಸುಪ್ರೀಂ ಕೋರ್ಟೇ ಒಂದು ರೀತಿಯಲ್ಲಿ ಹೇಳಿಬಿಟ್ಟಿದೆ. 2014ರಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿದ ತೀರ್ಪು ಬಂತು, ಅದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಕಂಬಳಕ್ಕೆ ಅವಕಾಶವಾಗುವಂತೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಜಲ್ಲಿಕಟ್ಟು ತಮಿಳು ಸಂಸ್ಕೃತಿಯ ಅವಿಭಾಜ್ಯ ಅಂಗವೋ ಅಲ್ಲವೋ ಎಂಬ ಮಾತು ಬಂದಾಗ, ಅದಕ್ಕೆ ಧಾರ್ಮಿಕ, ಸಾಂಸ್ಕೃತಿಕ, ಸಾಮಾಜಿಕ ವಿಶ್ಲೇಷಣೆ ಹೆಚ್ಚು ವಿವರವಾಗಿ ಆಗಬೇಕು, ಅದು ನ್ಯಾಯಾಂಗ ಕೈಗೆತ್ತಿಕೊಳ್ಳಬಹುದಾದ ಕೆಲಸವಲ್ಲ ಎಂದು ಪೀಠ ಹೇಳಿತು. ಶಾಸಕಾಂಗದ ಅಭಿಪ್ರಾಯವನ್ನು ಒಪ್ಪಿ ಮುಂದೆ ನಡೆಯಿತು. ಹಾಗಾದರೆ ಆ ವಿಶ್ಲೇಷಣೆ ಮಾಡುವವರು ಯಾರು? ಇತಿಹಾಸ, ಸಮಾಜಶಾಸ್ತ್ರ, ಜಾನಪದ ಓದಿದ ನಮ್ಮ ಹುಡುಗ ಹುಡುಗಿಯರು. ಮುಂದಿನ ಸಲ ಇಂಥ ಪ್ರಕರಣ ಬಂದಾಗ ಎರಡೂ ಕಡೆಯ ವಕೀಲರು ತೆರೆದು ನೋಡುವಂಥ ಕೆಲಸ ಕನ್ನಡದಲ್ಲಿ ಇರಬೇಕು ಎಂಬುದು ನನ್ನ ಆಸೆ.

ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಒಬ್ಬ ವಿದ್ಯಾರ್ಥಿನಿಯ ಸಂಗತಿ ಹೇಳುತ್ತೇನೆ. ಕೊಡಗಿನ ಹುಡುಗಿ, ಸಂಶೋಧನೆಯ ರೂಪರೇಖೆ, ಅಂದರೆ ಸಿನಾಪ್ಸಿಸ್ ಹಿಡಿದು ಬಂದಿದ್ದಳು. ತಲೆಬರಹ ‘ಕೊಡಗಿನ ಹಾಕಿ ಪರಂಪರೆ’. ಒಳಗೆ ಎಲ್ಲರಿಗೂ ಗೊತ್ತಿರುವ ವಿವರ: ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಉತ್ಸವ ಶುರುಮಾಡಿದ್ದು, ಆಗ 60 ಒಕ್ಕಗಳ (ಕೊಡವ ಮನೆತನಗಳ) ತಂಡಗಳಿದ್ದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾದದ್ದು. ನಾನು ಕಾಗದ ಮಡಿಸಿಟ್ಟು, ‘ನಿಮ್ಮ ಮನೆಯಿಂದ ಯಾರಮ್ಮ ಆಡುತ್ತಾರೆ?’ ಎಂದೆ.

‘ಅಕ್ಕ ಆಡುತ್ತಾಳೆ ಮೇಡಂ. ಆದರೆ ಈಗ ಭಾವನ ಒಕ್ಕದ ಪರ ಆಡುತ್ತಾಳೆ. ತಾತನಿಗೆ ಬೇಸರ. ಹೋದ ಸಲ ನಮ್ಮ ಒಕ್ಕಕ್ಕೇ ಎದುರಾಗಿ ಆಡಿದಳು, ತಾತ ಮೈದಾನಕ್ಕೇ ಬರಲಿಲ್ಲ.’

ಇದನ್ನು ಸಿನಾಪ್ಸಿಸ್‌ನಲ್ಲಿ ಏಕೆ ಬರೆಯಲಿಲ್ಲ ಎಂದರೆ, ‘ಅದು ಮನೆ ವಿಷಯ ಅಲ್ಲವಾ ಮೇಡಂ?’ ಎಂದಳು. ಮನೆ ವಿಷಯವೇ, ಆದ್ದರಿಂದಲೇ ಬೇಕು. ಮದುವೆಯಾದ ಹೆಣ್ಣುಮಗಳು ಯಾವ ಒಕ್ಕದ ಅಂಗಿ ತೊಡಬೇಕು, ಅದನ್ನು ಅವಳು ತೀರ್ಮಾನಿಸುತ್ತಾಳೋ, ಹಿರಿಯರೋ, ಸಂಘಟಕರ ನಿಯಮವೋ? ಒಕ್ಕ ಎಂದರೆ ಯಾರು ಎಂಬುದನ್ನು ಒಂದು ಹಾಕಿ ತಂಡದ ಪಟ್ಟಿ ಪ್ರತಿ ವರ್ಷ ಹೊಸದಾಗಿ ಬರೆಯುತ್ತಿದೆ. ಆ ಹುಡುಗಿ ತಂಡಗಳ ನೋಂದಣಿ ಪಟ್ಟಿಗಳನ್ನು ಒಟ್ಟು ಮಾಡಲು ಶುರುಮಾಡಿದಳು, ಅಕ್ಕನ ಜೊತೆಗೂ ತಾತನ ಜೊತೆಗೂ ಬೇರೆ ಬೇರೆಯಾಗಿ ಕುಳಿತು ಮಾತನಾಡಿದಳು. ಸಿನಾಪ್ಸಿಸ್ ಒಪ್ಪಿಗೆಯಾಯಿತು.

ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಬಗ್ಗೆಯೂ ಇದೇ ಮಾತು. ದಲಿತ ಕುಟುಂಬದ ಈ ಎಡಗೈ ಬೌಲರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಪುಣೆಯ ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1937ರ ಚುನಾವಣೆಯಲ್ಲಿ ಅವರು ನಿಂತದ್ದು ಅಂಬೇಡ್ಕರ್ ಅವರ ಎದುರು, ಸೋತರು. ‘ನಾಡಿನ ಹೆಮ್ಮೆಯ ಪುತ್ರ’ ಎಂದು ಬರೆದು ಮುಗಿಸಿದರೆ ಇದರಲ್ಲಿ ಒಂದೂ ಒಳಗೆ ಬರುವುದಿಲ್ಲ.

ಈಗ ಅವಕಾಶಗಳು. ಮೊದಲೇ ಹೇಳಿಬಿಡುತ್ತೇನೆ, ನಿಯಮ, ಶುಲ್ಕ, ಕೊನೆಯ ದಿನಾಂಕಗಳು ವರ್ಷವರ್ಷವೂ ಬದಲಾಗುತ್ತವೆ. ನನ್ನ ಮಾತಿನ ಮೇಲೆ ಹಣ ಕಟ್ಟಬೇಡಿ, ಸಂಸ್ಥೆಯ ಪ್ರಕಟಣೆಯನ್ನೇ ನೋಡಿ. ದೇಶದೊಳಗೆ 1935ರಿಂದ ನಡೆದುಬಂದ ಭಾರತೀಯ ಇತಿಹಾಸ ಕಾಂಗ್ರೆಸ್ ಇದೆ, ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ಸೇರುತ್ತದೆ. ನಮ್ಮಲ್ಲಿ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಪಿಎಚ್.ಡಿ. ಮಾಡಬಹುದು. ಹೊರಗೆ ನೋಡುವುದಾದರೆ, ಕ್ರೀಡಾ ಸಮಾಜಶಾಸ್ತ್ರದ ಅಂತರರಾಷ್ಟ್ರೀಯ ಸಂಘ 1965ರಿಂದ ಇದೆ, ಉತ್ತರ ಅಮೆರಿಕದ ಕ್ರೀಡಾ ಇತಿಹಾಸ ಸಂಘ 1972ರಿಂದ, ಬ್ರಿಟನ್ನಿನದು 1982ರಿಂದ, ದೈಹಿಕ ಶಿಕ್ಷಣ ಮತ್ತು ಕ್ರೀಡಾ ಇತಿಹಾಸದ ಅಂತರರಾಷ್ಟ್ರೀಯ ಸಂಘ 1989ರಿಂದ. ಲೆಸ್ಟರ್‌ನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಇತಿಹಾಸ ಮತ್ತು ಸಂಸ್ಕೃತಿಗೆಂದೇ 1996ರಲ್ಲಿ ಕೇಂದ್ರ ಸ್ಥಾಪನೆಯಾಯಿತು. ಲೂಸಾನ್‌ನ ಒಲಿಂಪಿಕ್ ಅಧ್ಯಯನ ಕೇಂದ್ರ ಪಿಎಚ್.ಡಿ. ಮಾಡುತ್ತಿರುವವರಿಗೆ ಸಂಶೋಧನಾ ಧನಸಹಾಯ ಕೊಡುತ್ತದೆ. ಒಲಿಂಪಿಕ್ಸ್‌ಗೆ ಸಂಬಂಧಿಸಿದ ಪ್ರಶ್ನೆ ಇರಬೇಕು. ಆ ಕೇಂದ್ರದ ಗ್ರಂಥಾಲಯವನ್ನೂ ಲಾಸ್ ಏಂಜಲೀಸ್‌ನ ಎಲ್‌ಎ84 ಪ್ರತಿಷ್ಠಾನದ ಡಿಜಿಟಲ್ ಗ್ರಂಥಾಲಯವನ್ನೂ ಮನೆಯಲ್ಲೇ ಕುಳಿತು, ಪುಕ್ಕಟೆಯಾಗಿ ತಡಕಬಹುದು. 1920ರ ಆಂಟ್ವೆರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ ಬೆಳಗಾವಿಯ ಫಡೆಪ್ಪ ಚೌಗುಲೆ ಅವರ ಜಾಡು ಹಿಡಿಯಲು ಯಾರಾದರೂ ಅಲ್ಲಿಂದಲೇ ಶುರುಮಾಡಬಹುದು.

ಯಾವ ವಿಭಾಗಕ್ಕೆ ಸೇರಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ನೀವು ಆಟಗಾರರಾಗಿದ್ದರೆ ದೈಹಿಕ ಶಿಕ್ಷಣ ವಿಭಾಗವೇ ಸರಿ ಎಂದುಕೊಳ್ಳಬೇಡಿ. ಅಲ್ಲಿ ಹೆಚ್ಚಿನ ಕೆಲಸ ತರಬೇತಿ, ಶರೀರಕ್ರಿಯೆ, ಮನಃಶಾಸ್ತ್ರದ ಕಡೆಗೆ ಇರುತ್ತದೆ, ಅದು ಅವರ ಕ್ಷೇತ್ರ. ನಿಮ್ಮ ಪ್ರಶ್ನೆ ಜಾತಿಯದೋ, ಕಾನೂನಿನದೋ, ಹೆಣ್ಣುಮಕ್ಕಳದೋ ಆಗಿದ್ದರೆ ಇತಿಹಾಸ, ಸಮಾಜಶಾಸ್ತ್ರ, ಜಾನಪದ ವಿಭಾಗಗಳಲ್ಲಿ ಒಪ್ಪುವ ಮಾರ್ಗದರ್ಶಕರನ್ನು ಹುಡುಕಿ. ನೌಕರಿಯ ಭರವಸೆ ನಾನು ಕೊಡಲಾರೆ. ನೆಟ್, ಜೆಆರ್‌ಎಫ್ ನಿಮ್ಮ ಮೂಲ ವಿಷಯದಲ್ಲೇ ಬರೆಯಬೇಕಾಗುತ್ತದೆ, ನೇಮಕಾತಿಯೂ ಅದೇ ವಿಷಯದ ಮೇಲೆ ನಡೆಯುತ್ತದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಸಾರಲೇಖ ಕಳುಹಿಸಿದ ಮರುದಿನವೇ ‘ನಿಮ್ಮ ಪ್ರಬಂಧ ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎಂದು ಮಿಂಚಂಚೆ ಬಂದರೆ ಕಟ್ಟಬೇಡಿ. ಎಂಜಿನಿಯರಿಂಗ್, ಯೋಗ, ವಾಣಿಜ್ಯ, ಕ್ರೀಡೆ ಎಲ್ಲವನ್ನೂ ಒಂದೇ ಸಭಾಂಗಣದಲ್ಲಿ ಎರಡು ದಿನದಲ್ಲಿ ಮುಗಿಸುವ ‘ಅಂತರರಾಷ್ಟ್ರೀಯ’ ಸಮ್ಮೇಳನಗಳಿಗೂ ಅಷ್ಟೇ. ಬಡ ಮನೆಯ ಮಕ್ಕಳು ಶಿಷ್ಯವೇತನದ ಹಣವನ್ನು ಇಂಥ ಕಡೆ ಕಳೆದುಕೊಳ್ಳುವುದನ್ನು ನೋಡಿ ನನಗೆ ಕೋಪ ಬರುತ್ತದೆ. ನಿಜವಾದ ಸಂಘಗಳು ಓದಲು ವಾರಗಟ್ಟಲೆ ತೆಗೆದುಕೊಳ್ಳುತ್ತವೆ, ಕೆಲವೊಮ್ಮೆ ತಿಂಗಳುಗಟ್ಟಲೆ.

ಸಾರಲೇಖ ಬರೆಯುವಾಗ ಮೊದಲ ನಾಲ್ಕು ಸಾಲಿನೊಳಗೆ ಪ್ರಶ್ನಾರ್ಥಕ ಚಿಹ್ನೆಯಿರುವ ಒಂದು ವಾಕ್ಯ ಬರಲಿ. ಅದರ ಹಿಂದೆಯೇ ಉತ್ತರಕ್ಕಾಗಿ ಏನು ನೋಡಿದ್ದೀರಿ, ಇನ್ನೇನು ನೋಡಲಿದ್ದೀರಿ ಎಂದು ಹೆಸರಿಟ್ಟು ಹೇಳಿ: ಯಾವ ಪತ್ರಿಕೆ, ಯಾವ ವರ್ಷಗಳು, ಯಾವ ಊರಿನ ಎಷ್ಟು ಜನ. ಇಂಗ್ಲಿಷ್ ಚೆನ್ನಾಗಿಲ್ಲವೆಂದು ಹೆದರಬೇಡಿ, ಭಾಷೆ ತಿದ್ದಲು ಜನ ಸಿಗುತ್ತಾರೆ. ಆಯ್ಕೆಯಾದರೆ ಪ್ರಯಾಣದ ಖರ್ಚಿಗೆ ಐಸಿಎಸ್‌ಎಸ್‌ಆರ್‌ಗೂ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು) ನಿಮ್ಮ ವಿಶ್ವವಿದ್ಯಾಲಯಕ್ಕೂ ಕೂಡಲೇ ಅರ್ಜಿ ಹಾಕಿ, ಕಡತ ನಿಧಾನವಾಗಿ ಚಲಿಸುತ್ತದೆ. ಪಾಸ್‌ಪೋರ್ಟ್ ಈಗಲೇ ಮಾಡಿಸಿಡಿ. ಶುಲ್ಕ ಹೊರಲಾರದಷ್ಟು ಇದ್ದರೆ ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದು ಸಂಘಟಕರಿಗೆ ನೇರವಾಗಿ ಬರೆದು ಕೇಳಿ. ಹೀಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಎಷ್ಟೋ ಸಂಘಗಳಲ್ಲಿ ಅದಕ್ಕೆಂದೇ ಸ್ವಲ್ಪ ಹಣ ತೆಗೆದಿಟ್ಟಿರುತ್ತಾರೆ.