ಇರುವೆ ಕಚ್ಚಿದ ಕಾಲಿಗೆ ಸುಣ್ಣ ಬೇಡ

ತೊಗರಿ ಹೂ ಬಿಟ್ಟಿದ್ದ ದಿನಗಳು. ಚಿತ್ತಾಪುರದ ಹತ್ತಿರ ನಮ್ಮ ಹೊಲದ ಬದುವಿನ ಮೇಲೆ ಮಗಳು ಕೆಂಪು ಇರುವೆ ಗೂಡು ತುಳಿದಳು. ಅತ್ತೆ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಪಾದಕ್ಕೆಲ್ಲ ಬಳಿದರು. ನಾನು ಬೇಡ ಅನ್ನಲಿಲ್ಲ. ಇರುವೆ ವಿಷ ಆಮ್ಲ, ಸುಣ್ಣ ಕ್ಷಾರ, ಎರಡೂ ಸೇರಿದರೆ ಉರಿ ಶಮನ ಅಂತ ಶಾಲೆಯಲ್ಲಿ ಓದಿದ್ದೆನಲ್ಲ! ಉರಿ ನಿಲ್ಲಲಿಲ್ಲ. ಸಂಜೆಗೆ ಸುಣ್ಣ ಮೆತ್ತಿದ ಕಡೆಯೆಲ್ಲ ಚರ್ಮ ಸುಲಿದಿತ್ತು.

ಆಮ್ಲದ ಮಾತು ಪೂರ್ತಿ ಸುಳ್ಳೇನಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ರೇ ಕಾಡಿನ ಇರುವೆಗಳನ್ನು ಭಟ್ಟಿ ಇಳಿಸಿ ಫಾರ್ಮಿಕ್ ಆಮ್ಲ ಪಡೆದರು. ಲ್ಯಾಟಿನ್‌ನಲ್ಲಿ ಫಾರ್ಮಿಕಾ ಅಂದರೆ ಇರುವೆ. ಮರದೆಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಚಿಮ್ಮಿಸುವುದು ಇದೇ ಆಮ್ಲ. ಅದಕ್ಕೆ ಮುಳ್ಳೇ ಇಲ್ಲ. ಕಚ್ಚಿ, ಗಾಯದ ಮೇಲೆ ಆಮ್ಲ ಸಿಂಪಡಿಸುತ್ತೆ.

ನೆಲದಲ್ಲಿ ಗೂಡು ಕಟ್ಟುವ ಕೆಂಪು ಬೆಂಕಿ ಇರುವೆಯ ದಾರಿ ಬೇರೆ. ಅದು ದವಡೆಯಿಂದ ಚರ್ಮ ಹಿಡಿದುಕೊಂಡು, ಹೊಟ್ಟೆಯ ತುದಿಯ ಮುಳ್ಳು ಚುಚ್ಚುತ್ತೆ. ಅದರ ವಿಷದಲ್ಲಿ ಬಹುಪಾಲು ಆಲ್ಕಲಾಯ್ಡ್‌ಗಳು. ಅಂದರೆ ಆಮ್ಲವೇ ಅಲ್ಲ, ಕ್ಷಾರದ ಕಡೆಯವು! ಜೇನು ಚುಚ್ಚಿದಾಗಲೂ ಸುಣ್ಣ ಕೆಲಸಕ್ಕೆ ಬಾರದು. ಜೇನುಹುಳದ ಒಣ ವಿಷದಲ್ಲಿ ಸುಮಾರು ಅರ್ಧ ಪಾಲು ಮೆಲಿಟಿನ್ ಎಂಬ ಪದಾರ್ಥ. ಇದು ಜೀವಕೋಶಗಳ ಪೊರೆ ಹರಿದು ಹಾಕುತ್ತೆ. ಆ ವಿಷ ತುಸು ಆಮ್ಲೀಯ ಹೌದು, ಆದರೆ ನೋವು ಕೊಡುವುದು ಮೆಲಿಟಿನ್‌ನಂಥ ಪದಾರ್ಥಗಳು. ಸುಣ್ಣಕ್ಕೆ ಅವು ಬಗ್ಗಲ್ಲ. ಅದೂ ಅಲ್ಲದೆ ವಿಷ ಇರುವುದು ಚರ್ಮದ ಒಳಗೆ, ನಾವು ಬಳಿಯುವುದು ಮೇಲೆ.

ಮನೆಯಲ್ಲಿ ಹಾಸಿರುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಅದರ ಮೇಲೆ ದಿನಾ ಬರಿಗಾಲಲ್ಲಿ ಓಡಾಡುತ್ತೇವೆ, ಏನೂ ಆಗಲ್ಲ. ಆದರೆ ಸುಣ್ಣದ ಕಲ್ಲನ್ನು ಸುಟ್ಟು ನೀರು ಹಾಕಿದಾಗ ಬರುವ ಸುಣ್ಣದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 12ರ ಆಸುಪಾಸು. ಮಗುವಿನ ಚರ್ಮಕ್ಕೆ ಅದು ತುಂಬಾ ಜಾಸ್ತಿ.

ಹಾಗಾದರೆ ಏನು ಮಾಡಬೇಕು? ಇರುವೆ ಕೊಡವಿ, ಸಾಬೂನು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಹೊಲದಲ್ಲಿದ್ದರೆ ಮಣ್ಣಿನ ಕೊಡದ ನೀರಲ್ಲಿ ಅದ್ದಿದ ಟವೆಲ್ ಸಾಕು. ತಂಪಿಗೆ ರಕ್ತನಾಳ ಕುಗ್ಗಿ ಬಾವು ತಗ್ಗುತ್ತೆ, ನರಗಳೂ ನೋವಿನ ಸುದ್ದಿ ನಿಧಾನವಾಗಿ ಒಯ್ಯುತ್ತವೆ. ತುರಿಕೆ ಬರುವುದು ನಮ್ಮದೇ ಮೈ ಬಿಡುವ ಹಿಸ್ಟಮಿನ್‌ನಿಂದ, ಅದಕ್ಕೆ ಸೆಟಿರಿಜಿನ್ ಮಾತ್ರೆ ಇದೆ. ಮಕ್ಕಳಿಗೆ ಎಷ್ಟು ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಮರುದಿನ ಬಿಳಿ ಗುಳ್ಳೆ ಎದ್ದರೆ ಒಡೆಯಬೇಡಿ.

ಜೇನು ಚುಚ್ಚಿದ್ದರೆ ಮೊದಲು ಮುಳ್ಳು ತೆಗೆಯಿರಿ. ಹುಳ ಹೋದ ಮೇಲೂ ವಿಷದ ಚೀಲ ಮಿಡಿಯುತ್ತಾ ಇರುತ್ತೆ, ಅರ್ಧ ನಿಮಿಷದೊಳಗೆ ಬಹುತೇಕ ವಿಷ ಒಳಗಿಳಿಯುತ್ತೆ. ಉಗುರಾದರೂ ಸರಿ, ಚಿಮಟವಾದರೂ ಸರಿ, ಬೇಗ ಆಗಬೇಕು.

ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಐಸ್ ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಗ ಬೇಕಾಗಿದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಸೆಟಿರಿಜಿನ್ ಅಷ್ಟು ಬೇಗ ಕೆಲಸ ಮಾಡಲ್ಲ.